ನಿಮ್ಮ ಮಗುವಿಗೆ ಸೆರೆಬ್ರಲ್ ಪಾಲ್ಸಿ ಇದೆಯೇ? ಮನೆಯಿಂದ ಶಾಲೆಯವರೆಗೆ ಒಂದೊಂದೇ ಹೆಜ್ಜೆ

ವೈದ್ಯರು ‘ಇದು ಸೆರೆಬ್ರಲ್ ಪಾಲ್ಸಿ, ಮಿದುಳಿಗಾದ ಪೆಟ್ಟಿನಿಂದ ಸ್ನಾಯುಗಳ ಹತೋಟಿ ತಪ್ಪಿದೆ’ ಎಂದ ದಿನ ತಂದೆತಾಯಂದಿರು ಕೇಳುವ ಮೊದಲ ಪ್ರಶ್ನೆ, ‘ನಮ್ಮ ಮಗು ಯಾವಾಗ ನಡೆಯುತ್ತದೆ?’ ಪ್ರಶ್ನೆ ಸಹಜವೇ. ಆದರೆ ವರ್ಷಗಟ್ಟಲೆ ಅದೊಂದರ ಬೆನ್ನು ಹತ್ತಿದ ಮನೆಗಳಲ್ಲಿ ಮಗುವಿನ ಊಟ, ಮಾತು, ಆಟ, ಓದು ಎಲ್ಲವೂ ‘ಮೊದಲು ನಡೆಯಲಿ, ಆಮೇಲೆ ನೋಡೋಣ’ ಎಂದು ಹಿಂದಕ್ಕೆ ಬೀಳುತ್ತವೆ. ಮಗು ನಡೆಯುವುದನ್ನು ಕಾಯುತ್ತಲೇ ಬಾಲ್ಯ ಮುಗಿದುಹೋಗುತ್ತದೆ. ಹಾಗಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಮುಂದಿನ ಮೂರು ತಿಂಗಳಲ್ಲಿ ನನ್ನ ಮಗು ತಾನೇ ಮಾಡಬಹುದಾದ ಒಂದು ಕೆಲಸ ಯಾವುದು? ಲೋಟ ಹಿಡಿಯುವುದಿರಬಹುದು, ‘ಬೇಡ’ ಎಂದು ತಿಳಿಸುವುದಿರಬಹುದು. ಮನೆಯವರ ಭರವಸೆಗೆ ಗಟ್ಟಿ ನೆಲ ಸಿಗುವುದು ಇಂಥ ಕೆಲಸಗಳಲ್ಲೇ ಎಂದು ನಾನು ನಂಬಿದ್ದೇನೆ.

ಮೊದಲ ಹೆಜ್ಜೆ: ಅನುಮಾನ ಬಂದರೆ ಕಾಯಬೇಡಿ

‘ಕೆಲವು ಮಕ್ಕಳು ನಿಧಾನ, ತಾನಾಗಿ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತು ಎಷ್ಟೋ ಮಕ್ಕಳ ಅಮೂಲ್ಯವಾದ ಮೊದಲ ಎರಡು ವರ್ಷಗಳನ್ನು ನುಂಗಿದೆ. ಅವಧಿಗೆ ಮುನ್ನ ಹುಟ್ಟಿದ, ತೂಕ ತೀರಾ ಕಡಿಮೆಯಿದ್ದ, ಹುಟ್ಟಿದ ಕೂಡಲೇ ಅಳದ, ಎಳೆಯದರಲ್ಲೇ ಫಿಟ್ಸ್ ಅಥವಾ ತೀವ್ರ ಕಾಮಾಲೆ ಬಂದ ಮಕ್ಕಳ ಮೇಲೆ ವಿಶೇಷ ಗಮನವಿರಲಿ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿರುವುದು, ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿಹಿಡಿದೇ ಇರುವುದು, ಎತ್ತಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುವುದು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು ಇವೆಲ್ಲ ವೈದ್ಯರಿಗೆ ತೋರಿಸಬೇಕಾದ ಸೂಚನೆಗಳು. ಇನ್ನೊಂದು ಸೂಚನೆಯನ್ನು ಹಲವರು ಖುಷಿಯಿಂದ ಹೇಳಿಕೊಳ್ಳುತ್ತಾರೆ: ‘ನಮ್ಮ ಪಾಪು ಈಗಲೇ ಬಲಗೈಯನ್ನೇ ಬಳಸುತ್ತದೆ.’ ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ನೆಚ್ಚಿಕೊಂಡಿದ್ದರೆ ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಿಸಬೇಕು.

ಎಲ್ಲಿಗೆ ಹೋಗುವುದು? ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಡಿಇಐಸಿ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಮಾತು, ಕೇಳುವಿಕೆ ಮತ್ತು ನುಂಗುವ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇಂಥ ಸಂಸ್ಥೆಗಳಲ್ಲಿ ತರಬೇತಿ ಮತ್ತು ಚಿಕಿತ್ಸೆ ಎರಡೂ ಸಿಗುತ್ತವೆ. ಕಾಯಿಲೆಯ ಹೆಸರು ಖಚಿತವಾಗುವವರೆಗೆ ವ್ಯಾಯಾಮ ಚಿಕಿತ್ಸೆಯನ್ನು ಮುಂದೂಡುವ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ತಪ್ಪು ಯಾರದೂ ಅಲ್ಲ ಎಂಬುದನ್ನು ಮನೆಯವರೆಲ್ಲ ಒಪ್ಪಿಕೊಳ್ಳಿ

ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಆದ ಪೆಟ್ಟಿನಿಂದ ಸ್ನಾಯುಗಳ ಮೇಲಿನ ಹತೋಟಿ ತಪ್ಪುವುದೇ ಸೆರೆಬ್ರಲ್ ಪಾಲ್ಸಿ. ಆ ಪೆಟ್ಟು ಮುಂದೆ ಹರಡುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ. ತಾಯಿ ಗ್ರಹಣದ ದಿನ ಹೊರಗೆ ಬಂದದ್ದರಿಂದಲೋ ಹಿಂದಿನ ಜನ್ಮದ ಕರ್ಮದಿಂದಲೋ ಬಂದದ್ದಲ್ಲ. ಸೊಸೆಯ ಮೇಲೆ ಈ ಮಾತಿನ ಭಾರ ಹೇರುವ ಮನೆಯಲ್ಲಿ ಮಗುವಿನ ಆರೈಕೆಯೂ ಸೊರಗುತ್ತದೆ. ಇದನ್ನು ಅಜ್ಜಿ ತಾತಂದಿರಿಗೆ ವೈದ್ಯರ ಬಾಯಿಂದಲೇ ಹೇಳಿಸಿ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ ಎಂದ ಮಾತ್ರಕ್ಕೆ ಮಗುವಿಗೆ ಬುದ್ಧಿಯಿಲ್ಲ ಎಂದು ನಿರ್ಧರಿಸಿಬಿಡುತ್ತಾರೆ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೌದ್ಧಿಕ ತೊಂದರೆ ಇರುವುದಿಲ್ಲ. ನಿಮ್ಮೆದುರಿನ ಮಗುವಿಗೆ ಎಲ್ಲವೂ ಅರ್ಥವಾಗುತ್ತಿದೆ ಎಂದುಕೊಂಡೇ ಮಾತನಾಡಿ. ಮಗುವಿನೆದುರು ಮಗುವಿನ ಬಗ್ಗೆ ನಿಟ್ಟುಸಿರು ಬಿಡಬೇಡಿ.

ಬರೆ ಹಾಕುವವರು, ಎಳೆದು ಬಗ್ಗಿಸಿ ಬಲವಂತದ ಮಾಲೀಶು ಮಾಡುವವರು, ಲಕ್ಷಗಟ್ಟಲೆ ಹಣ ಕೇಳಿ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತೇವೆ ಎನ್ನುವವರು ಈ ಹಂತದಲ್ಲೇ ಎದುರಾಗುತ್ತಾರೆ. ಸೆರೆಬ್ರಲ್ ಪಾಲ್ಸಿಯನ್ನು ಪೂರ್ತಿ ಗುಣಪಡಿಸುವ ಸಾಬೀತಾದ ಚಿಕಿತ್ಸೆ ಇಲ್ಲ. ಜಮೀನು ಅಡವಿಡುವ ಮುನ್ನ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರನ್ನೊಮ್ಮೆ ಕೇಳಿ.

ಮೂರನೆಯ ಹೆಜ್ಜೆ: ಎತ್ತಿಕೊಳ್ಳುವುದು, ಕೂರಿಸುವುದು, ನಿಲ್ಲಿಸುವುದು

ವಾರಕ್ಕೆ ಎರಡು ದಿನ ಅರ್ಧ ಗಂಟೆ ನಡೆಯುವ ಫಿಸಿಯೋಥೆರಪಿಗಿಂತ ಉಳಿದ ಹೊತ್ತೆಲ್ಲ ಮಗು ಯಾವ ಭಂಗಿಯಲ್ಲಿರುತ್ತದೆ ಎಂಬುದು ದೊಡ್ಡ ವಿಷಯ. ದಿನವಿಡೀ ಅಂಗಾತ ಮಲಗಿಸಿದ ಮಗುವಿಗೆ ಕಾಣುವುದು ಮಾಡಿನ ಹೆಂಚು ಮಾತ್ರ. ಅದರ ಸ್ನಾಯುಗಳೂ ಅದೇ ಭಂಗಿಯಲ್ಲಿ ಬಿಗಿಯುತ್ತವೆ.

ಕಾಲು ಕತ್ತರಿಯಾಗುವ ಮಗುವನ್ನು ಕಂಕುಳಲ್ಲಿ ಎತ್ತಿಕೊಳ್ಳುವ ನಮ್ಮ ಹಳೆಯ ರೂಢಿ ಬಹಳ ಒಳ್ಳೆಯದು. ಸೊಂಟದ ಎರಡೂ ಬದಿಗೆ ಕಾಲುಗಳು ಅಗಲವಾಗಿ ಬರುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಮಗು ಲೋಕವನ್ನು ನೋಡುತ್ತದೆ. ಎರಡೂ ಕೈಗಳಲ್ಲಿ ಅಡ್ಡಲಾಗಿ ಎಳೆಯ ಕೂಸಿನಂತೆ ಹೊತ್ತೊಯ್ಯುವ ಅಭ್ಯಾಸ ಬಿಡಿ. ಎಡ ಬಲ ಬದಲಿಸುತ್ತಾ ಎತ್ತಿಕೊಂಡರೆ ನಿಮ್ಮ ಸೊಂಟಕ್ಕೂ ಒಳ್ಳೆಯದು.

ಕೂರಿಸಲು ದುಬಾರಿ ಕುರ್ಚಿಯೇ ಬೇಕೆಂದಿಲ್ಲ. ಎರಡು ಗೋಡೆ ಸೇರುವ ಮೂಲೆಯಲ್ಲಿ ಕೂರಿಸಿ ನೋಡಿ: ಭುಜಗಳು ತಾವಾಗಿ ಮುಂದಕ್ಕೆ ಬರುತ್ತವೆ, ಕೈಗಳು ಎದುರಿನ ಆಟಿಕೆಗೆ ಸಿಗುತ್ತವೆ. ಊರಿನ ಬಡಗಿಯಿಂದ ಇದೇ ಆಕಾರದ ಮೂಲೆ ಕುರ್ಚಿ ಮಾಡಿಸಬಹುದು. ತೊಡೆಗಳ ನಡುವೆ ಒಂದು ಮೆತ್ತನೆಯ ಗೂಟ, ಮುಂದೆ ಹಲಗೆ, ಪಾದಗಳು ನೆಲಕ್ಕೆ ಅಥವಾ ಮಣೆಗೆ ಪೂರ್ತಿ ಊರುವಂತಿರಬೇಕು. ಪಾದ ಗಾಳಿಯಲ್ಲಿ ತೂಗಾಡಿದರೆ ಮೈಯೆಲ್ಲ ಬಿಗಿಯುತ್ತದೆ. ಅಳತೆಯನ್ನು ಫಿಸಿಯೋಥೆರಪಿಸ್ಟರಿಂದ ಬರೆಸಿಕೊಳ್ಳಿ.

ನಿಲ್ಲುವ ಚೌಕಟ್ಟು, ಕಾಲಿನ ಸ್ಪ್ಲಿಂಟ್ (ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ), ಗಾಲಿಕುರ್ಚಿಗಳನ್ನು, ವಿಕಲಚೇತನರಿಗೆ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಡಿ, ಅವನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೋದ ಶಿಬಿರಗಳಲ್ಲಿ ಕೊಡುತ್ತಾರೆ. ಸ್ಪ್ಲಿಂಟ್ ತೆಗೆದ ಮೇಲೆ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಅದು ಬಿಗಿಯಾಗಿದೆ ಎಂದರ್ಥ, ಸರಿಪಡಿಸಿಕೊಡುವಂತೆ ಕೇಳಿ. ಮಗು ಬೆಳೆದಂತೆ ಸ್ಪ್ಲಿಂಟೂ ಬದಲಾಗಬೇಕು. ಗಾಲಿಕುರ್ಚಿಯನ್ನು ಸೋಲಿನ ಗುರುತು ಎಂದುಕೊಂಡು ದೂರವಿಡುವ ಪೋಷಕರಿಗೆ ನಾನು ಒತ್ತಿ ಹೇಳುವುದಿಷ್ಟು: ಅದು ಮಗುವಿಗೆ ಬೀದಿ, ಜಾತ್ರೆ, ಶಾಲೆ ಮೂರನ್ನೂ ಒಟ್ಟಿಗೆ ತಂದುಕೊಡುತ್ತದೆ.

ನಾಲ್ಕನೆಯ ಹೆಜ್ಜೆ: ತುತ್ತು ಸುರಕ್ಷಿತವಾಗಿ ಇಳಿಯಲಿ

ಈ ಮಕ್ಕಳ ಪದೇ ಪದೇ ಬರುವ ಕೆಮ್ಮು, ನ್ಯುಮೋನಿಯಾಗಳ ಹಿಂದೆ ಹಲವು ಸಲ ಊಟ ಮಾಡಿಸುವ ರೀತಿಯೇ ಇರುತ್ತದೆ. ಮಲಗಿಸಿ ಕುಡಿಸುವುದು, ಕತ್ತನ್ನು ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವುದು ಅಪಾಯ. ತಲೆ ಹಿಂದಕ್ಕೆ ವಾಲಿದಾಗ ಆಹಾರ ಶ್ವಾಸನಾಳದ ಕಡೆ ಜಾರುತ್ತದೆ.

ಮಗುವನ್ನು ನೆಟ್ಟಗೆ ಕೂರಿಸಿ. ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ನೀವು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಅಥವಾ ಇನ್ನೂ ಕೆಳಗೆ ಕುಳಿತುಕೊಳ್ಳಿ. ನಿಂತು ಉಣಿಸಿದರೆ ಮಗು ಮೇಲೆ ನೋಡುತ್ತದೆ, ಕತ್ತು ಮತ್ತೆ ಹಿಂದಕ್ಕೆ ಹೋಗುತ್ತದೆ. ಚಪ್ಪಟೆಯಾದ ಸಣ್ಣ ಚಮಚದಲ್ಲಿ ಸ್ವಲ್ಪವೇ ತೆಗೆದುಕೊಂಡು ನಾಲಿಗೆಯ ಮಧ್ಯಕ್ಕೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಿರಿ. ನುಂಗಿದ್ದನ್ನು ಕಂಡ ಮೇಲೆ ಮುಂದಿನ ತುತ್ತು.

ನಮ್ಮ ಅಡುಗೆಯಲ್ಲಿ ಕಷ್ಟವಾಗುವುದು ತೆಳು ಸಾರು ಕಲೆಸಿದ ಅನ್ನ. ನೀರು ಒಂದು ವೇಗದಲ್ಲಿ, ಅಗುಳು ಇನ್ನೊಂದು ವೇಗದಲ್ಲಿ ಹೋಗುವುದರಿಂದ ಮಗುವಿಗೆ ಹತೋಟಿ ಸಿಗುವುದಿಲ್ಲ. ಅದರ ಬದಲು ಮೆತ್ತಗೆ ಬೇಯಿಸಿದ ಅನ್ನ ಬೇಳೆಯನ್ನು ನುಣ್ಣಗೆ ಮಸೆದು ತುಪ್ಪ ಹಾಕಿ, ಚಮಚದಿಂದ ದಪ್ಪಗೆ ಜಾರುವ ಹದಕ್ಕೆ ತನ್ನಿ. ರಾಗಿ ಸರಿ, ಮಸೆದ ಬಾಳೆಹಣ್ಣು, ಗಟ್ಟಿ ಮೊಸರು ಒಳ್ಳೆಯವು. ಬಿಗಿದ ಸ್ನಾಯುಗಳು ಹೆಚ್ಚು ಶಕ್ತಿ ಬೇಡುವುದರಿಂದ ತುಪ್ಪ, ಶೇಂಗಾ ಪುಡಿಗಳಂಥವು ಇರಲಿ. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಪ್ರತಿ ಊಟದಲ್ಲೂ ಕೆಮ್ಮು, ಗೊರಗೊರ ದನಿ, ಕಣ್ಣಲ್ಲಿ ನೀರು ಬಂದರೆ ವಾಕ್ ಚಿಕಿತ್ಸಕರಿಗೆ ತೋರಿಸಲೇಬೇಕು.

ಐದನೆಯ ಹೆಜ್ಜೆ: ಬಾಯಲ್ಲಿ ಮಾತಿಲ್ಲದಿದ್ದರೂ ಮನಸ್ಸಿನಲ್ಲಿದೆ

‘ಹೌದು’, ‘ಬೇಡ’ ಇವೆರಡನ್ನು ಹೇಳುವ ದಾರಿ ಮೊದಲು ಹುಡುಕಿ. ಕಣ್ಣು ಮೇಲೆತ್ತುವುದು ಹೌದು, ಮುಖ ತಿರುಗಿಸುವುದು ಬೇಡ. ಯಾವುದಾದರೂ ಸರಿ, ಮನೆಯ ಎಲ್ಲರಿಗೂ ಅದೇ ಗುರುತು ತಿಳಿದಿರಲಿ. ಆಮೇಲೆ ಆಯ್ಕೆ ಕೊಡಿ. ಒಂದು ಕೈಯಲ್ಲಿ ನೀಲಿ ಅಂಗಿ, ಇನ್ನೊಂದರಲ್ಲಿ ಕೆಂಪು ಹಿಡಿದು ‘ಯಾವುದು ಬೇಕು?’ ಎಂದು ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ. ಮಿದುಳಿನಿಂದ ಕಣ್ಣಿಗೋ ಕೈಗೋ ಆಜ್ಞೆ ತಲುಪಲು ಈ ಮಕ್ಕಳಿಗೆ ಹೊತ್ತು ಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವೇ ಆತುರಪಟ್ಟು ಉತ್ತರ ಹೇಳಿಬಿಟ್ಟರೆ, ತನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ಮಗು ಕಲಿತುಬಿಡುತ್ತದೆ.

ಮುಂದೆ ರಟ್ಟಿನ ಮೇಲೆ ನಿಮ್ಮದೇ ಮನೆಯ ಫೋಟೋಗಳನ್ನು ಅಂಟಿಸಿ: ನೀರಿನ ಲೋಟ, ಬಚ್ಚಲು, ಅಜ್ಜಿ, ಅಂಗಳ. ‘ನೋವು’, ‘ಸಾಕು’, ‘ಇನ್ನೊಮ್ಮೆ’, ‘ನನಗೆ ಕೋಪ ಬಂದಿದೆ’ ಇವೂ ಇರಬೇಕು. ಬೇಕುಬೇಡಗಳಷ್ಟೇ ಇರುವ ಹಲಗೆಯಲ್ಲಿ ಮಗು ಜಗಳವಾಡಲು, ಚೇಷ್ಟೆ ಮಾಡಲು ಆಗುವುದಿಲ್ಲ. ಮಕ್ಕಳಿಗೆ ಎರಡೂ ಅಗತ್ಯ. ಚಿತ್ರಕ್ಕೆ ಬೊಟ್ಟು ಮಾಡಿಸುವುದರಿಂದ ಮಾತು ಬರುವುದು ತಡವಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ.

ಆರನೆಯ ಹೆಜ್ಜೆ: ಅಳುವಿನ ಹಿಂದೆ ನೋವಿದೆಯೇ ನೋಡಿ

‘ಹಟಮಾರಿ’ ಎಂದು ಕರೆಸಿಕೊಳ್ಳುವ ಅದೆಷ್ಟೋ ಮಕ್ಕಳು ನಿಜವಾಗಿ ನೋವಿನಲ್ಲಿರುತ್ತಾರೆ. ಮಲಬದ್ಧತೆ, ಹಲ್ಲು ಹುಳುಕು, ಎದೆಯುರಿ, ಸ್ನಾಯು ಸೆಳೆತ, ಸೊಂಟದ ಕೀಲು ಜಾರುವುದು ಸಾಮಾನ್ಯ ಕಾರಣಗಳು. ಬಟ್ಟೆ ಬದಲಿಸುವಾಗ ಕಾಲು ಅಗಲಿಸಿದರೆ ಚೀರುವ ಮಗುವಿನ ಸೊಂಟದ ಎಕ್ಸ್‌ರೇ ತೆಗೆಸಿ. ನಡೆಯದ ಮಕ್ಕಳಿಗೆ ನೋವಿಲ್ಲದಿದ್ದರೂ ಆಗಾಗ ಎಕ್ಸ್‌ರೇ ಬೇಕೆಂದು ಮೂಳೆ ವೈದ್ಯರನ್ನು ಕೇಳಿ.

ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು ಬೇಡ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಫಿಟ್ಸ್ ನಿಂತಿತು ಎಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಏಳನೆಯ ಹೆಜ್ಜೆ: ಕಾಗದಪತ್ರ

ಮೊದಲು ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಹಾಕಿ, ಹೇಳಿದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ನಿಮಗೆ ಆನ್‌ಲೈನ್ ಕೆಲಸ ಕಷ್ಟವಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಅವರನ್ನು ಎಲ್ಲರೂ ವಿ.ಆರ್.ಡಬ್ಲ್ಯೂ. ಎನ್ನುತ್ತಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ಅವರಲ್ಲಿ ಹೆಚ್ಚಿನವರು ತಾವೂ ಅಂಗವೈಕಲ್ಯದೊಂದಿಗೆ ಬಾಳುವವರಾದ್ದರಿಂದ ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಎಂದು ಪ್ರಮಾಣಪತ್ರದಲ್ಲಿದ್ದರೆ ಬಹುತೇಕ ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು, ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಸ್ಪತ್ರೆಗೆ ದಾಖಲಾಗದೆಯೂ ಥೆರಪಿಯ ಖರ್ಚನ್ನು ಅದರಲ್ಲಿ ಪಡೆಯಬಹುದೆಂಬುದು ಎಷ್ಟೋ ಪೋಷಕರಿಗೆ ತಿಳಿದಿಲ್ಲ. ಪ್ರತಿವರ್ಷ ನವೀಕರಿಸಬೇಕು. ತೆರಿಗೆ ಕಟ್ಟುವವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅಂಗವೈಕಲ್ಯವಿರುವ ಅವಲಂಬಿತರಿಗಾಗಿ ಸಿಗುವ ತೆರಿಗೆ ವಿನಾಯಿತಿಯ (80ಡಿಡಿ) ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ. ಎಲ್ಲ ಕಾಗದಗಳ ಐದಾರು ನಕಲು ಒಂದೇ ಫೈಲಿನಲ್ಲಿರಲಿ.

ಎಂಟನೆಯ ಹೆಜ್ಜೆ: ಶಾಲೆ

‘ಇಂಥ ಮಗುವನ್ನು ನಾವು ನೋಡಿಕೊಳ್ಳಲಾರೆವು, ಬೇರೆ ಕಡೆ ಸೇರಿಸಿ’ ಎಂಬ ಮಾತನ್ನು ಕೇಳಿ ಬಾಗಿಲಿನಿಂದಲೇ ಹಿಂದಿರುಗಬೇಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ, ನಿಗದಿತ ಮಟ್ಟದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಶಾಲೆ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಆ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಾಣಿರಿ. ಬರಹದಲ್ಲಿ ಕೊಡಿ ಎಂದಾಗಲೇ ಹಲವು ಬಾಗಿಲುಗಳು ತೆರೆಯುತ್ತವೆ. ಪ್ರತಿ ತಾಲ್ಲೂಕಿನಲ್ಲಿ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಬಿ.ಐ.ಇ.ಆರ್.ಟಿ.ಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಶಿಕ್ಷಕರಿದ್ದಾರೆ. ಶಾಲೆಗೆ ಬರಲು ಸಾಧ್ಯವೇ ಇಲ್ಲದ ಮಕ್ಕಳಿಗೆ ಅವರು ಮನೆಗೆ ಬಂದು ಕಲಿಸುತ್ತಾರೆ. ಆದರೆ ಗಾಲಿಕುರ್ಚಿಯಲ್ಲಿ ಬರಬಲ್ಲ ಮಗುವನ್ನು ಅನುಕೂಲಕ್ಕಾಗಿ ಮನೆಯ ಪಟ್ಟಿಗೆ ಸೇರಿಸಲು ಒಪ್ಪಬೇಡಿ.

ಶಿಕ್ಷಕರ ಬಳಿ ದೂರಿಗಿಂತ ಮೊದಲು ಮಾಹಿತಿ ಕೊಂಡೊಯ್ಯಿರಿ. ಒಂದೇ ಹಾಳೆಯಲ್ಲಿ ಬರೆಯಿರಿ: ಮಗು ಹೇಗೆ ‘ಹೌದು’ ಎನ್ನುತ್ತದೆ, ಎಷ್ಟು ಹೊತ್ತಿಗೊಮ್ಮೆ ಶೌಚಕ್ಕೆ ಹೋಗಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು, ಯಾವ ವಿಷಯ ಇಷ್ಟ. ಪೆನ್ಸಿಲ್ ಜಾರಿದರೆ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿ. ಪುಸ್ತಕ ಜಾರದಂತೆ ಮೇಜಿಗೆ ಕ್ಲಿಪ್ ಹಾಕಿ. ಪರೀಕ್ಷೆಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಎರಡೂ ಸಿಗುತ್ತವೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಎಂದಿದೆ. ಎಸ್ಸೆಸ್ಸೆಲ್ಸಿಗೆ ನೋಂದಾಯಿಸುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ಇದನ್ನು ನಮೂದಿಸಿ, ಪರೀಕ್ಷೆಯ ಹಿಂದಿನ ವಾರದವರೆಗೆ ಬಿಡಬೇಡಿ. ಬರಹಗಾರರೊಂದಿಗೆ ಮಗುವಿಗೆ ಮೊದಲೇ ಅಭ್ಯಾಸ ಬೇಕು, ಏಕೆಂದರೆ ಉತ್ತರ ಹೇಳಿ ಬರೆಸುವುದೂ ಕಲಿತೇ ಬರಬೇಕಾದ ವಿದ್ಯೆ.

ಒಂಬತ್ತನೆಯ ಹೆಜ್ಜೆ: ಆಟ, ಗೆಳೆಯರು, ಚುಚ್ಚುವ ಪ್ರಶ್ನೆಗಳು

ನನಗೆ ಬಹಳ ಮುಖ್ಯವೆನಿಸುವ ಹೆಜ್ಜೆ ಇದು. ಅಭ್ಯಾಸ, ವ್ಯಾಯಾಮ, ಮಾತ್ರೆಗಳ ನಡುವೆ ಮಗು ಬರೀ ಮಗುವಾಗಿರುವ ಹೊತ್ತು ಕಳೆದುಹೋಗುತ್ತದೆ.

ಬೋಚಿಯಾ ಎಂಬ ಆಟವಿದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿಯೇ ರೂಪುಗೊಂಡು, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಬಿಳಿ ಚೆಂಡೊಂದನ್ನು ಎಸೆದು, ಒಬ್ಬರು ಆರು ಕೆಂಪು, ಇನ್ನೊಬ್ಬರು ಆರು ನೀಲಿ ಚೆಂಡುಗಳನ್ನು ಅದರ ಹತ್ತಿರಕ್ಕೆ ತರಬೇಕು. ಕೈಯಿಂದ ಎಸೆಯಬಹುದು, ಕಾಲಿನಿಂದ ನೂಕಬಹುದು, ಅದೂ ಆಗದವರು ಇಳಿಜಾರಿನ ಮೇಲಿಂದ ಉರುಳಿಸಬಹುದು. ಮನೆಯಲ್ಲೇ ಮಾಡಿಕೊಳ್ಳಿ: ಹಳೆಯ ಕಾಲುಚೀಲಕ್ಕೆ ರಾಗಿ ತುಂಬಿ ಹೊಲಿದರೆ ಚೆಂಡು, ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕುರ್ಚಿಗೆ ಒರಗಿಸಿದರೆ ಇಳಿಜಾರು. ಇಳಿಜಾರಿಗಾಗಿ ಮಾತ್ರ ಉರುಳುವ ರಬ್ಬರ್ ಚೆಂಡು ತೆಗೆದುಕೊಳ್ಳಿ. ಪೈಪನ್ನು ನೀವು ಹಿಡಿಯಿರಿ, ಆದರೆ ಎಡಕ್ಕೆ, ಬಲಕ್ಕೆ, ಎತ್ತರಕ್ಕೆ ಎಂಬ ನಿರ್ಧಾರ ಮಗುವಿನದೇ ಆಗಿರಲಿ. ಸೋತರೆ ಸೋಲಲಿ. ಕನಿಕರದಿಂದ ಗೆಲ್ಲಿಸುವುದನ್ನು ಮಕ್ಕಳು ಥಟ್ಟನೆ ಪತ್ತೆಹಚ್ಚುತ್ತಾರೆ. ನೆರೆಮನೆಯ ಮಕ್ಕಳನ್ನೂ ಕರೆಯಿರಿ. ಗೆಳೆತನವಾಗಲು ಕೂಡಿ ಆಡುವ ಆಟ ಬೇಕು, ಉಪದೇಶದಿಂದ ಅದು ಬರುವುದಿಲ್ಲ.

‘ನಿನ್ನ ಕಾಲಿಗೆ ಏನಾಯಿತು?’ ‘ಯಾಕೆ ಹೀಗೆ ಮಾತಾಡುತ್ತೀಯ?’ ಎಂದು ಇತರ ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮನೆಯಲ್ಲೇ ಮಗುವಿನೊಂದಿಗೆ ಕೂತು ಸಿದ್ಧಮಾಡಿ. ‘ಹುಟ್ಟುವಾಗ ಮಿದುಳಿಗೆ ಪೆಟ್ಟಾಯಿತು, ಅದಕ್ಕೆ ಕಾಲು ಬಿಗಿ. ನನಗೆ ಚೆಸ್ ಬರುತ್ತದೆ, ಆಡುತ್ತೀಯಾ?’ ಇಷ್ಟು ಸಾಕು. ಉತ್ತರ ಕೊಡಲು ಇಷ್ಟವಿಲ್ಲದ ದಿನ ‘ಈಗ ಹೇಳುವುದಿಲ್ಲ’ ಎನ್ನುವ ಹಕ್ಕೂ ಮಗುವಿಗಿದೆ ಎಂದು ಹೇಳಿಕೊಡಿ.

ಏಳೆಂಟು ವರ್ಷದ ಹೊತ್ತಿಗೆ ‘ನಾನು ಯಾವಾಗ ಎಲ್ಲರ ಹಾಗೆ ಓಡುತ್ತೇನೆ?’ ಎಂದು ಮಗುವೇ ಕೇಳಬಹುದು. ‘ಮುಂದಿನ ವರ್ಷ’ ಎಂಬ ಸುಳ್ಳು ಬೇಡ. ‘ಓಡುವುದು ಕಷ್ಟವಾಗಬಹುದು. ನಿನಗೆ ಬೇಸರವಾಗಿದೆ ಅಲ್ಲವೇ?’ ಎಂದು ಕೇಳಿ, ಅಳಲು ಬಿಡಿ, ಜೊತೆಗೆ ಕೂತಿರಿ. ದುಃಖವನ್ನು ನಿಮ್ಮ ಮುಂದೆ ಹೇಳಿಕೊಳ್ಳಬಲ್ಲ ಮಗು ಮರುದಿನ ಹೊಸದೊಂದಕ್ಕೆ ಕೈ ಹಾಕುತ್ತದೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದನ್ನು ಹೇಳಿ, ವಿಡಿಯೋ ತೋರಿಸಿ. ಆದರೆ ‘ನೀನೂ ಹಾಗೆ ಆಗಬೇಕು’ ಎಂದು ಹೇರಬೇಡಿ. ಪದಕವಿಲ್ಲದ ಬದುಕೂ ಪೂರ್ಣ ಬದುಕೇ.

ಒಡಹುಟ್ಟಿದವರನ್ನು ಆಯಾಗಳನ್ನಾಗಿ ಮಾಡಬೇಡಿ. ವಾರದಲ್ಲಿ ಒಂದು ಗಂಟೆಯಾದರೂ ಅಪ್ಪ ಅಥವಾ ಅಮ್ಮ ಅವರಿಗೇ ಸೇರಿರಲಿ. ಅಮ್ಮನಿಗೂ ವಿರಾಮ ಬೇಕು. ಮಗುವಿಗೆ ಉಣಿಸುವುದನ್ನು ಅಪ್ಪನೂ ಚಿಕ್ಕಪ್ಪನೂ ಕಲಿತಿದ್ದರೆ ಮಾತ್ರ ಅದು ಸಾಧ್ಯ.

ಹತ್ತನೆಯ ಹೆಜ್ಜೆ: ಹದಿಹರೆಯ ಮತ್ತು ಹದಿನೆಂಟು

ಮಗು ಬೆಳೆಯುತ್ತಿದೆ ಎಂಬುದನ್ನು ಮರೆಯುವುದು ಸುಲಭ. ಹತ್ತು ವರ್ಷದ ನಂತರ ಸ್ನಾನ, ಬಟ್ಟೆ ಬದಲಿಸುವುದು ಬಾಗಿಲು ಮುಚ್ಚಿಯೇ ನಡೆಯಲಿ. ಮೈ ಮುಟ್ಟುವ ಮೊದಲು ‘ಈಗ ಒರೆಸಲೇ?’ ಎಂದು ಕೇಳಿ. ಹೀಗೆ ಕೇಳಿಸಿಕೊಂಡು ಬೆಳೆದ ಮಗುವಿಗೆ, ಕೇಳದೆ ಮುಟ್ಟುವವರು ತಪ್ಪು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಅದನ್ನು ಹೇಳಲು ಚಿತ್ರದ ಹಲಗೆಯಲ್ಲಿ ದೇಹದ ಎಲ್ಲ ಭಾಗಗಳ ಚಿತ್ರವೂ ಇರಬೇಕು. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಮೊದಲೇ, ಸರಳವಾಗಿ ಹೇಳಿ, ಪ್ಯಾಡ್ ತೋರಿಸಿ.

ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿ ಪಾಲಕರಾಗಿ (ಮಗುವಿನ ಪರವಾಗಿ ನಿರ್ಧರಿಸುವವರಾಗಿ) ಉಳಿಯುವುದಿಲ್ಲ. ತೀವ್ರ ಬೌದ್ಧಿಕ ತೊಂದರೆಯೂ ಇದ್ದು, ತಾನೇ ನಿರ್ಧರಿಸಲಾಗದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿ ಪ್ರತಿ ಜಿಲ್ಲೆಯಲ್ಲಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಅರ್ಜಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೈಕಾಲು ಮಾತ್ರ ಬಿಗಿಯಾಗಿರುವ, ತನ್ನ ಒಳಿತು ಕೆಡುಕು ತಿಳಿದ ಯುವಕ ಯುವತಿಗೆ ಪಾಲಕರ ಅಗತ್ಯವೇ ಇಲ್ಲ. ಅವರಿಗೆ ಅವರದೇ ಹೆಸರಿನ ಬ್ಯಾಂಕ್ ಖಾತೆ ಮಾಡಿಸಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ನ್ನೂ ಅದೇ ವಾರ ತುಂಬಿಸಿ.